‘ಕರುಣಾಳು ಬಾ ಬೆಳಕೆ’ಗೆ ನಾಲ್ಕನೇ ಚರಣ ಇತ್ತಾ?

ಓದುಗರ ಪ್ರಶ್ನೆ: ಬಿ.ಎಂ.ಶ್ರೀಯವರ ‘ಕರುಣಾಳು ಬಾ ಬೆಳಕೆ’ಯಲ್ಲಿ ಮೂರು ಚರಣ ಇದೆ. ಅದರ ಮೂಲ ‘ಲೀಡ್, ಕೈಂಡ್ಲಿ ಲೈಟ್’ ಅನ್ನು ಹಳೆಯ ಇಂಗ್ಲಿಷ್ ಪ್ರಾರ್ಥನಾಗೀತೆಗಳ ಪುಸ್ತಕದಲ್ಲಿ ನೋಡಿದೆ. ಅಲ್ಲಿ ನಾಲ್ಕು ಚರಣ ಇತ್ತು. ಶ್ರೀಯವರು ಒಂದನ್ನು ಬಿಟ್ಟುಬಿಟ್ಟರೇ? ಇನ್ನೊಂದು ಪುಸ್ತಕದಲ್ಲಿ ಇದೇ ಪದ್ಯಕ್ಕೆ ಬೇರೆಯದೇ ಹೆಸರಿದೆ. ಯಾವುದನ್ನು ನಂಬಬೇಕು?

ಶ್ರೀಯವರು ಏನನ್ನೂ ಬಿಟ್ಟಿಲ್ಲ. ಕವಿ ಬರೆದದ್ದೇ ಮೂರು ಚರಣ. ನೀವು ನೋಡಿದ ನಾಲ್ಕನೆಯದು ಬೇರೆಯವರದು. ಮೂಲ ಪದ್ಯ ಹುಟ್ಟಿ 37 ವರ್ಷ ಆದಮೇಲೆ ಸೇರಿದ್ದು. ಆದರೆ ನಿಮ್ಮ ಪ್ರಶ್ನೆಯನ್ನು ಇಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ಇಂಗ್ಲಿಷಿನ ಭಕ್ತಿಪದ್ಯಗಳನ್ನು ಪ್ರೀತಿಯಿಂದ ಓದುವವರೆಲ್ಲ ಒಂದಲ್ಲ ಒಂದು ದಿನ ಈ ಗೊಂದಲಕ್ಕೆ ಬೀಳುತ್ತಾರೆ.

ಮೊದಲು ಪದ್ಯದ ಕಥೆ. ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರ ಜೂನ್ ತಿಂಗಳು. ಅವರಿಗೆ ಆಗ 32 ವರ್ಷ, ಆಕ್ಸ್‌ಫರ್ಡಿನಲ್ಲಿ ಪಾದ್ರಿ. ಸಿಸಿಲಿಗೆ ಒಬ್ಬರೇ ಹೋಗಿ, ಅಲ್ಲಿ ಜ್ವರ ಬಂದು ಸಾಯುವ ಹಾಗಾಗಿ, ಹೇಗೋ ಚೇತರಿಸಿಕೊಂಡಿದ್ದರು. ಮನೆ ಸೇರುವ ತವಕ. ಪಲೆರ್ಮೊದಲ್ಲಿ ಕಿತ್ತಳೆಹಣ್ಣು ತುಂಬಿಕೊಂಡು ಮಾರ್ಸೇಲ್ಸ್‌ಗೆ ಹೊರಟ ಒಂದು ದೋಣಿ ಸಿಕ್ಕಿತು. ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವಿನ ಬೊನಿಫಾಚಿಯೊ ಜಲಸಂಧಿಗೆ ಬರುವಷ್ಟರಲ್ಲಿ ಗಾಳಿ ನಿಂತುಹೋಯಿತು. ಹಾಯಿ ದೋಣಿ, ಗಾಳಿ ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು. ಇಡೀ ಒಂದು ವಾರ ನಿಂತಿತು. ಈ ಪದ್ಯ ಬರೆದದ್ದು ಆ ದಿನಗಳಲ್ಲೇ ಎಂದು ನ್ಯೂಮನ್ ಮುಂದೆ ತಮ್ಮ ಆತ್ಮಕಥನದಲ್ಲಿ ಹೇಳಿದ್ದಾರೆ. ‘ಮನೆ ದೂರ’ ಅನ್ನುವ ಮಾತು ಸುಮ್ನೆ ಬಂದದ್ದಲ್ಲ, ನೋಡಿ. ನಿಜಕ್ಕೂ ದೂರವೇ ಇತ್ತು.

ಇನ್ನು ಹೆಸರಿನ ವಿಷಯ. ಮರುವರ್ಷ, 1834ರಲ್ಲಿ, ಒಂದು ಪತ್ರಿಕೆಯಲ್ಲಿ ಇದು ಅಚ್ಚಾದಾಗ ಮೇಲಿದ್ದ ಹೆಸರು ‘ಫೇತ್, ಹೆವನ್ಲಿ ಲೀಡಿಂಗ್ಸ್’. 1836ರಲ್ಲಿ ‘ಲೈರಾ ಅಪಾಸ್ಟಾಲಿಕಾ’ ಎಂಬ ಸಂಕಲನಕ್ಕೆ ಸೇರಿದಾಗ, ಭಕ್ತರಿಗೆ ಕತ್ತಲಲ್ಲೂ ಬೆಳಕು ಮೂಡುತ್ತದೆ ಎನ್ನುವ ಬೈಬಲ್ ಕೀರ್ತನೆಯ ಸಾಲು ತಲೆಬರಹವಾಯಿತು. ನ್ಯೂಮನ್ 1868ರಲ್ಲಿ ತಮ್ಮ ಪದ್ಯಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿದಾಗ ಇಟ್ಟ ಹೆಸರು ‘ದಿ ಪಿಲ್ಲರ್ ಆಫ್ ದಿ ಕ್ಲೌಡ್’, ಅಂದರೆ ಮೇಘಸ್ತಂಭ. ಮರಳುಗಾಡಿನಲ್ಲಿ ಇಸ್ರಾಯೇಲಿನ ಜನರಿಗೆ ಹಗಲಲ್ಲಿ ದಾರಿ ತೋರಿಸುತ್ತಿದ್ದದ್ದು ಈ ಮೇಘಸ್ತಂಭ. ಹೆಸರುಗಳ ಮಟ್ಟಿಗೆ ಜಗಳವೇ ಇಲ್ಲ. ಜನ ಮಾತ್ರ ಯಾವ ಹೆಸರನ್ನೂ ಇಟ್ಟುಕೊಳ್ಳಲಿಲ್ಲ. ಮೊದಲ ಸಾಲನ್ನೇ ಹೆಸರು ಮಾಡಿಕೊಂಡರು. ನಮ್ಮ ದಾಸರ ಪದಗಳಿಗೂ ಹಾಗೇ ಅಲ್ವಾ?

ಈಗ ಆ ನಾಲ್ಕನೇ ಚರಣಕ್ಕೆ ಬರೋಣ. 1870ರಲ್ಲಿ ಎಡ್ವರ್ಡ್ ಹೆನ್ರಿ ಬಿಕರ್‌ಸ್ಟೆತ್ ಎಂಬ ಆಂಗ್ಲಿಕನ್ ಪಾದ್ರಿ ಚರ್ಚಿನಲ್ಲಿ ಹಾಡಲು ಒಂದು ಗೀತಸಂಗ್ರಹ ತಂದರು. ಮುಂದೆ ಎಕ್ಸೆಟರ್‌ನ ಬಿಷಪ್ ಆದವರು. ನ್ಯೂಮನ್ ಪದ್ಯ ಅವರಿಗೆ ತುಂಬಾ ಇಷ್ಟ. ಆದರೆ ಒಂದು ಕೊರತೆ ಕಾಡುತ್ತಿತ್ತು. ಮೂಲವನ್ನು ಒಮ್ಮೆ ಮೇಲಿಂದ ಕೆಳಗೆ ಓದಿ ನೋಡಿ. ಮೂರು ಚರಣ, ಹದಿನೆಂಟು ಸಾಲು. ಎಲ್ಲೂ ದೇವರು ಎಂಬ ಪದ ಇಲ್ಲ. ಕ್ರಿಸ್ತನ ಹೆಸರು ಇಲ್ಲ. ಇರುವುದು ಬೆಳಕು, ನೀನು, ನಾನು, ಇಷ್ಟೇ. ಚರ್ಚಿನಲ್ಲಿ ಹಾಡುವ ಹಾಡಿಗೆ ಇದು ಸಾಲದು ಎಂದು ಬಿಕರ್‌ಸ್ಟೆತ್‌ಗೆ ಅನಿಸಿತು. ಅದಕ್ಕೇ ಅವರು ಕೊನೆಗೊಂದು ಚರಣ ಜೋಡಿಸಿದರು. ರಕ್ಷಕನೇ, ನೀನೇ ನಡೆದ ಆ ಇಕ್ಕಟ್ಟಿನ ದಾರಿಯಲ್ಲಿ ಮಗುವಿನಂಥ ನಂಬಿಕೆಯ ನನ್ನನ್ನು ಮನೆಗೆ, ನನ್ನ ದೇವರ ಹತ್ತಿರಕ್ಕೆ ಕರೆದುಕೊಂಡು ಹೋಗು ಎಂಬುದು ಅದರ ಭಾವ. ರಕ್ಷಕನೂ ಬಂದ, ದೇವರೂ ಬಂದ.

ಬಿಕರ್‌ಸ್ಟೆತ್ ಇದನ್ನು ಕದ್ದುಮುಚ್ಚಿ ಮಾಡಲಿಲ್ಲ. ಆ ಚರಣ ತಾವು ಸೇರಿಸಿದ್ದು ಎಂದು ಟಿಪ್ಪಣಿಯಲ್ಲಿ ಹೇಳಿಕೊಂಡರು. ಆದರೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಪದ್ಯ ಹೋಗುವಾಗ ಟಿಪ್ಪಣಿ ಉದುರಿಹೋಗುತ್ತದೆ, ಚರಣ ಉಳಿದುಕೊಳ್ಳುತ್ತದೆ. ಕೆಳಗೆ ‘ನ್ಯೂಮನ್’ ಎಂಬ ಹೆಸರೂ ಉಳಿಯುತ್ತದೆ. ನ್ಯೂಮನ್‌ಗೆ ಬೇಸರ ಆದದ್ದು ಇದಕ್ಕೇ. ಅವರು ಆಗ ಬದುಕಿದ್ದರು, 1890ರವರೆಗೂ ಇದ್ದರು. ಚರಣ ಚೆನ್ನಾಗಿಯೇ ಇದೆ, ಆದರೆ ತಾನು ಬರೆಯದ್ದನ್ನು ತನ್ನದು ಅನ್ನಿಸಿಕೊಳ್ಳಲು ಯಾವ ಕವಿಗೂ ಇಷ್ಟವಿರುವುದಿಲ್ಲ ಎಂಬ ಅರ್ಥದಲ್ಲಿ ಅವರು ಕಾಗದ ಬರೆದರು.

ನಾನು ನ್ಯೂಮನ್ ಪಕ್ಷ. ಬಿಕರ್‌ಸ್ಟೆತ್ ಕೊರತೆ ಅಂದುಕೊಂಡದ್ದೇ ಈ ಪದ್ಯದ ದೊಡ್ಡ ಶಕ್ತಿ. ಹೆಸರಿಲ್ಲದ ಬೆಳಕಾದ್ದರಿಂದಲೇ ಅದು ಅಷ್ಟು ದೂರ ಹೋಯಿತು. 1908ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಗಾಂಧೀಜಿಗೆ ದೊಣ್ಣೆಪೆಟ್ಟು ಬಿದ್ದು, ಜೋಸೆಫ್ ಡೋಕ್ ಎಂಬ ಪಾದ್ರಿಯ ಮನೆಯಲ್ಲಿ ಮಲಗಿದ್ದಾಗ, ಆ ಮನೆಯ ಪುಟ್ಟ ಹುಡುಗಿ ಆಲಿವ್‌ಳಿಂದ ಕೇಳಿ ಹಾಡಿಸಿಕೊಂಡದ್ದು ಇದೇ ಹಾಡನ್ನು. ಅವರ ಆಶ್ರಮದಲ್ಲಿ ಇದು ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ರೂಪದಲ್ಲೂ ನಡೆಯುತ್ತಿತ್ತು. ನಮ್ಮಲ್ಲಿ ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದಮೇಲೆ ಇದು ಯಾರದೋ ಹಾಡು ಅನ್ನಿಸಲೇ ಇಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತು ಹಾಡಿದ ಎಷ್ಟೋ ಜನರಿಗೆ ಇದು ಅನುವಾದ ಎಂದು ಗೊತ್ತಾದದ್ದೇ ದೊಡ್ಡವರಾದ ಮೇಲೆ. ನನಗೂ ಹಾಗೇ. ನಾಲ್ಕನೇ ಚರಣ ಮೊದಲಿಂದಲೂ ಅಂಟಿಕೊಂಡಿದ್ದರೆ ಇಷ್ಟು ಸಲೀಸಾಗಿ ನಮ್ಮ ಮನೆಯೊಳಗೆ ಬರುತ್ತಿತ್ತಾ? ನನಗೆ ಅನುಮಾನ.

ಪುರಂದರದಾಸರ ಪದದಲ್ಲಿ ಕೊನೆಗೆ ‘ಪುರಂದರವಿಠಲ’ ಎಂಬ ಅಂಕಿತ ಬರುತ್ತದೆ. ಅದಾದ ಮೇಲೆ ಯಾರಾದರೂ ಇನ್ನೊಂದು ನುಡಿ ಅಂಟಿಸಿದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ನಡುವೆ ಪಾಠಾಂತರ ಎಷ್ಟೇ ಇರಲಿ, ಬಾಗಿಲಿಗೆ ಚಿಲಕ ಇದೆ. ಇಂಗ್ಲಿಷ್ ಭಕ್ತಿಗೀತೆಗೆ ಆ ಚಿಲಕ ಇಲ್ಲ. ‘ಲೈರಾ ಅಪಾಸ್ಟಾಲಿಕಾ’ದಲ್ಲಂತೂ ಕವಿಯ ಹೆಸರೂ ಇರಲಿಲ್ಲ. ನ್ಯೂಮನ್ ಪದ್ಯಗಳ ಕೆಳಗೆ ಡೆಲ್ಟಾ ಎಂಬ ಒಂದು ಗ್ರೀಕ್ ಅಕ್ಷರ, ಅಷ್ಟೇ.

ಹಾಗಾಗಿ ಅಲ್ಲಿ ತಿದ್ದುವ ಕೈಗಳಿಗೆ ಬರವಿರಲಿಲ್ಲ. ಕ್ರಿಸ್ಮಸ್‌ನಲ್ಲಿ ಕೇಳುವ ‘ಹಾರ್ಕ್! ದಿ ಹೆರಾಲ್ಡ್ ಏಂಜಲ್ಸ್ ಸಿಂಗ್’ ಗೊತ್ತಲ್ವಾ? 1739ರಲ್ಲಿ ಚಾರ್ಲ್ಸ್ ವೆಸ್ಲಿ ಬರೆದಾಗ ಆ ಸಾಲಿನಲ್ಲಿ ದೇವದೂತರೇ ಇರಲಿಲ್ಲ. ‘ವೆಲ್ಕಿನ್’ ಎಲ್ಲ ಮೊಳಗುತ್ತಿದೆ ಎಂದಿತ್ತು, ಅಂದರೆ ಬಾನೆಲ್ಲ. 1753ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ತಮ್ಮ ಸಂಗ್ರಹದಲ್ಲಿ ಅದನ್ನು ಬದಲಾಯಿಸಿದರು. ಇಲ್ಲಿ ತಿದ್ದಿದ್ದೇ ಗೆದ್ದಿತು, ಗೆಲ್ಲಬೇಕಾದ್ದೇ. ಅಪರೂಪದ ಆ ಹಳೆಯ ಪದಕ್ಕಿಂತ ಹಾಡುವ ದೇವದೂತರು ನಾಲಿಗೆಗೆ ಹತ್ತಿರ. ಆದರೆ ಟಾಪ್ಲಡಿ ಎಂಬ ಪಾದ್ರಿಯ ‘ರಾಕ್ ಆಫ್ ಏಜಸ್’ಗೆ ಆದದ್ದು ನನಗೆ ಸಂಕಟ. ಯುಗಯುಗದ ಬಂಡೆಯೇ, ನಿನ್ನ ಮರೆಯಲ್ಲಿ ಅವಿತುಕೊಳ್ಳುತ್ತೇನೆ ಎಂದು ದೇವರನ್ನು ಬೇಡುವ ಹಾಡು ಅದು. ಸಾವಿನ ಹೊತ್ತಿಗೆ ನನ್ನ ಕಣ್ಣಿನ ನರಗಳು ಹರಿಯುವಾಗ ಎಂದು ಟಾಪ್ಲಡಿ 1776ರಲ್ಲಿ ಬರೆದಿದ್ದರು. ಸಾಯುವಾಗ ಕಣ್ಣಿನ ನರ ಕಿತ್ತುಹೋಗುತ್ತದೆ ಎಂಬುದು ಹಳೆಯ ಕಾಲದ ನಂಬಿಕೆ. ಆಮೇಲಿನ ಪುಸ್ತಕಗಳಲ್ಲಿ ಅದು ಕಣ್ಣು ಮುಚ್ಚುವಾಗ ಎಂದಾಯಿತು. ಹಾಡಲು ಹಿತ, ನಿಜ. ಆದರೆ ಸಾವಿನ ಭಯ ಹೋಯಿತು. ಬಂಡೆಯ ಮರೆಯಲ್ಲಿ ಅವಿತುಕೊಳ್ಳುವವನಿಗೆ ಆ ಭಯ ಬೇಕಲ್ಲವೇ?

ಇದಕ್ಕೆಲ್ಲ ಜೋರಾಗಿ ಬೇಡ ಎಂದವರು ಚಾರ್ಲ್ಸ್‌ನ ಅಣ್ಣ ಜಾನ್ ವೆಸ್ಲಿ. 1780ರ ದೊಡ್ಡ ಗೀತಸಂಗ್ರಹದ ಮುನ್ನುಡಿಯಲ್ಲಿ ಅವರು ಬೇಡಿಕೊಂಡರು. ನಮ್ಮ ಹಾಡುಗಳನ್ನು ಯಾರು ಬೇಕಾದರೂ ಅಚ್ಚು ಹಾಕಿ, ಆದರೆ ತಿದ್ದಲು ಹೋಗಬೇಡಿ, ತಿದ್ದಲೇಬೇಕು ಅಂದರೆ ಮೂಲ ಪಾಠವನ್ನು ಪಕ್ಕದಲ್ಲೋ ಪುಟದ ಕೆಳಗೋ ಕೊಡಿ ಎಂದು. ಒಳ್ಳೆಯ ನಿಯಮ. ಇವತ್ತಿಗೂ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಅದೇ ಜಾನ್ ವೆಸ್ಲಿ ತಮ್ಮ ಯೌವನದಲ್ಲಿ ಜಾರ್ಜ್ ಹರ್ಬರ್ಟ್‌ನ ಎಷ್ಟೋ ಪದ್ಯಗಳನ್ನು ಚರ್ಚಿನ ಧಾಟಿಗೆ ಕೂರುವ ಹಾಗೆ ಕುಯ್ದು ಸಮ ಮಾಡಿದ್ದರು ಎಂಬುದನ್ನೂ ಹೇಳಲೇಬೇಕು.

ಹರ್ಬರ್ಟ್ ವಿಷಯ ಬಂತು. ತಿದ್ದುವುದು ಎಂದರೆ ಸಾಲು ಬದಲಾಯಿಸುವುದೇ ಆಗಬೇಕಿಲ್ಲ. ಹೆಸರು ಬದಲಿಸಿದರೂ ಸಾಕು. ಹರ್ಬರ್ಟ್ ಸಾಲ್ಸ್‌ಬರಿ ಹತ್ತಿರದ ಬೆಮರ್ಟನ್ ಎಂಬ ಹಳ್ಳಿಯ ಪಾದ್ರಿ. 1633ರಲ್ಲಿ ತೀರಿಕೊಂಡರು, ಅದೇ ವರ್ಷ ‘ದಿ ಟೆಂಪಲ್’ ಎಂಬ ಪುಸ್ತಕವಾಗಿ ಅವರ ಪದ್ಯಗಳು ಬಂದವು. ಅದರಲ್ಲೊಂದು ಪದ್ಯ. ದೇವರು ಮನುಷ್ಯನನ್ನು ಮಾಡಿದ ಮೇಲೆ ವರಗಳು ತುಂಬಿದ ಲೋಟ ಹಿಡಿದು ಒಂದೊಂದನ್ನೇ ಸುರಿಯುತ್ತಾನೆ. ಬಲ, ಚೆಲುವು, ವಿವೇಕ, ಮಾನ, ಸುಖ. ತಳದಲ್ಲಿ ಒಂದೇ ಒಂದು ಉಳಿಯುತ್ತದೆ, ನೆಮ್ಮದಿ. ಅದನ್ನು ಮಾತ್ರ ದೇವರು ಕೊಡುವುದಿಲ್ಲ. ಕೊಟ್ಟರೆ ಇವನು ನನ್ನನ್ನು ಮರೆತು ನಾನು ಕೊಟ್ಟದ್ದನ್ನೇ ಪೂಜಿಸುತ್ತಾನೆ, ಒಳ್ಳೆಯತನ ಇವನನ್ನು ನನ್ನ ಹತ್ತಿರ ತರದಿದ್ದರೆ ದಣಿವಾದರೂ ನನ್ನೆದೆಗೆ ತಂದು ಹಾಕಲಿ ಎನ್ನುತ್ತಾನೆ.

ಈ ಪದ್ಯಕ್ಕೆ ಹರ್ಬರ್ಟ್ ಇಟ್ಟ ಹೆಸರು ‘ದಿ ಪುಲ್ಲಿ’. ಬಾವಿಯ ರಾಟೆ ಇದೆಯಲ್ಲ, ಅದು. ಪದ್ಯದೊಳಗೆ ಎಲ್ಲೂ ರಾಟೆಯ ಮಾತಿಲ್ಲ, ಹೆಸರಿನಲ್ಲಿ ಮಾತ್ರ ಇದೆ. ಹಗ್ಗವನ್ನು ಕೆಳಕ್ಕೆ ಎಳೆದಷ್ಟೂ ಕೊಡ ಮೇಲೆ ಬರುತ್ತದೆ. ಮನುಷ್ಯನ ದಣಿವು ಕೆಳಕ್ಕೆ ಎಳೆಯುವ ಆ ಭಾರ, ಅದೇ ಅವನನ್ನು ಮೇಲಕ್ಕೆತ್ತುತ್ತದೆ. 1861ರಲ್ಲಿ ಪಾಲ್‌ಗ್ರೇವ್ ತಮ್ಮ ಹೆಸರಾಂತ ‘ಗೋಲ್ಡನ್ ಟ್ರೆಷರಿ’ಯಲ್ಲಿ ಇದನ್ನು ಸೇರಿಸಿಕೊಂಡರು, ಆದರೆ ‘ದಿ ಗಿಫ್ಟ್ಸ್ ಆಫ್ ಗಾಡ್’ ಎಂದು ಹೆಸರು ಬದಲಿಸಿದರು. ದೇವರ ಕೊಡುಗೆಗಳು. ತಪ್ಪೇನಲ್ಲ, ಪದ್ಯದಲ್ಲಿ ಇರುವುದು ಅದೇ. ಆದರೆ ರಾಟೆ ಹೋಯಿತು, ಹಗ್ಗ ಹೋಯಿತು, ಕೊಡ ಬಾವಿಯಲ್ಲೇ ಉಳಿಯಿತು. ನಮ್ಮ ದೇಶದ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಆ ಪುಸ್ತಕವನ್ನೇ ಓದಿಸುತ್ತಿದ್ದರು. 1900ರ ‘ಆಕ್ಸ್‌ಫರ್ಡ್ ಬುಕ್ ಆಫ್ ಇಂಗ್ಲಿಷ್ ವರ್ಸ್’ನಲ್ಲಿ ಹಳೆಯ ಹೆಸರು ವಾಪಸ್ ಬಂತು.

ಹಾಗಾದರೆ ಯಾವುದನ್ನು ನಂಬಬೇಕು? ಕವಿ ತಾನೇ ನೋಡಿ ಅಚ್ಚು ಹಾಕಿಸಿದ ಕೊನೆಯ ಪುಸ್ತಕ ಸಿಕ್ಕರೆ ಅದನ್ನು ಹಿಡಿಯಿರಿ. ನ್ಯೂಮನ್ ಮಟ್ಟಿಗೆ 1868ರ ಸಂಗ್ರಹ ಒಳ್ಳೆಯ ಆಧಾರ. ಚರ್ಚಿನ ಹಾಡಿನ ಪುಸ್ತಕವಾದರೆ ಕವಿಯ ಹೆಸರಿನ ಪಕ್ಕ ‘ಆಲ್ಟ್’ ಎಂಬ ಚಿಕ್ಕ ಗುರುತು ಇದೆಯಾ ನೋಡಿ. ಇದ್ದರೆ ಯಾರೋ ತಿದ್ದಿದ್ದಾರೆ ಎಂದರ್ಥ. ಗುರುತು ಇಲ್ಲ ಎಂದ ಮಾತ್ರಕ್ಕೆ ತಿದ್ದಿಲ್ಲ ಅನ್ನುವ ಹಾಗಿಲ್ಲ.

ಶ್ರೀಯವರು ಏನಾದರೂ ಬಿಟ್ಟರೇ ಎಂದಿರಿ. ಬಿಟ್ಟಿಲ್ಲ, ಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿ ‘ಲೀಡ್’ ಎಂದಷ್ಟೇ ಇದೆ, ನಡೆಸು ಎಂದು. ಬೆಳಕು ಮುಂದೆ ಹೋಗುತ್ತದೆ, ಮನುಷ್ಯ ಹಿಂದೆ ನಡೆಯುತ್ತಾನೆ. ಕನ್ನಡದಲ್ಲಿ ಅದು ‘ಕೈ ಹಿಡಿದು ನಡೆಸೆನ್ನನು’. ಮೂಲದಲ್ಲಿ ಕೈ ಇಲ್ಲವೇ ಇಲ್ಲ. ರಾತ್ರಿ ಕತ್ತಲಾಗಿದೆ ಎಂಬ ಸಾದಾ ಮಾತು ಇಲ್ಲಿ ‘ಇರುಳು ಕತ್ತಲೆಯ ಗವಿ’ ಆಗಿದೆ. ಗವಿಯಂಥ ಕತ್ತಲು ಅಂದಮೇಲೆ ಕೈ ಹಿಡಿಯದೆ ಹೇಗೆ? ಮೂರನೇ ಚರಣ ಇನ್ನೂ ಚೆಂದ. ಇಷ್ಟು ದಿನ ಕಾಪಾಡಿದ್ದೀಯ, ಮುಂದೂ ಖಂಡಿತ ನಡೆಸುತ್ತೀಯ ಎಂದು ನ್ಯೂಮನ್ ಭರವಸೆಯಿಂದ ಹೇಳುತ್ತಾರೆ. ಶ್ರೀಯವರಲ್ಲಿ ಅದು ಪ್ರಶ್ನೆ: ‘ಕೈ ಹಿಡಿದು ನಡೆಸದಿಹೆಯಾ?’ ಅಮ್ಮನ ಸೆರಗು ಹಿಡಿದು ಮಗು ಕೇಳುವ ಹಾಗೆ. ಇಂಗ್ಲಿಷಿನಲ್ಲಿ ‘ಲೀಡ್ ಮಿ ಆನ್’ ಎಂಬ ಬೇಡಿಕೆ ಬರುವುದು ಒಟ್ಟು ಐದು ಸಲ. ಕನ್ನಡದಲ್ಲಿ ‘ಕೈ ಹಿಡಿದು’ ಎಂಬುದನ್ನು ಎಣಿಸಿ ನೋಡಿ, ಅದೂ ಐದೇ.