ವಾಯುನೆಲೆ ಇತ್ತು, ಹಾಲು ಇರಲಿಲ್ಲ

ಕತಾರಿನ ಭದ್ರತೆಯ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: "ಅಮೆರಿಕದವರ ಅಲ್ ಉದೈದ್ ವಾಯುನೆಲೆ ಅಲ್ಲೇ ಇದೆಯಲ್ಲ, ಇನ್ನೇನು ಭಯ?" ಓದಿಕೊಂಡವರೂ ಇದನ್ನೇ ಕೇಳುತ್ತಾರೆ. ಮಕ್ಕಳು ದೋಹಾದಲ್ಲಿ ದುಡಿಯುವ ನಮ್ಮ ಕರಾವಳಿಯ ಮನೆಗಳಿಗೂ ಇದೇ ಸಮಾಧಾನ. ಅದು ಅರ್ಧ ಸತ್ಯ, ಹಾಗಾಗಿ ಅಪಾಯಕಾರಿ.

2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೈನ್, ಈಜಿಪ್ಟ್ ಒಟ್ಟಿಗೆ ಕತಾರಿನ ಜೊತೆ ಸಂಬಂಧ ಕಡಿದುಕೊಂಡವು. ಕತಾರಿಗೆ ಇರುವ ಒಂದೇ ಭೂಗಡಿ ಸೌದಿಯದು. ಆ ಗೇಟು ಮುಚ್ಚಿತು. ಆಹಾರದ ಸುಮಾರು ಶೇ. 40ರಷ್ಟು ಬರುತ್ತಿದ್ದುದು ಅಲ್ಲಿಂದಲೇ. ದೋಹಾದ ಜನ ಅಂಗಡಿಗಳಿಗೆ ಮುಗಿಬಿದ್ದರು, ಹಾಲಿನ ಕಪಾಟುಗಳು ಬರಿದಾದವು. ವಾಯುನೆಲೆ ಅಂದೂ ಇತ್ತು. ಆದರೆ ಅಮೆರಿಕದ ಐದನೇ ನೌಕಾಪಡೆಯ ಕೇಂದ್ರ ಇದ್ದದ್ದು ಎದುರು ಪಾಳಯದ ಬಹರೈನಿನಲ್ಲಿ. ಎರಡೂ ಮನೆಯಲ್ಲಿ ಸಾಮಾನು ಇಟ್ಟವನು ಜಗಳದಲ್ಲಿ ಯಾರ ಪರ ನಿಂತಾನು?

ನೆಲೆಯೇ ಬೇಡ ಎನ್ನುತ್ತಿಲ್ಲ. 1990ರ ಆಗಸ್ಟ್‌ನಲ್ಲಿ ಕುವೈತ್ ಎರಡೇ ದಿನದಲ್ಲಿ ಇರಾಕಿನ ಕೈಸೇರಿದ್ದನ್ನು ಕೊಲ್ಲಿಯ ಯಾರೂ ಮರೆತಿಲ್ಲ. ನೆಲೆ ತಡೆಯಬಲ್ಲದ್ದು ಅಂಥ ದಂಡಯಾತ್ರೆಯನ್ನು, ಬಹುಮಟ್ಟಿಗೆ. ಅದಕ್ಕಿಂತ ಸಣ್ಣ ಪೆಟ್ಟನ್ನು ಅದು ತಡೆಯುತ್ತದೆಂಬ ಭರವಸೆ ಇಲ್ಲ. 2025ರ ಜೂನ್ 23ರಂದು ಇರಾನಿನ ಕ್ಷಿಪಣಿಗಳು ಆ ನೆಲೆಯತ್ತಲೇ ಬಂದವು. ಸೆಪ್ಟೆಂಬರ್ 9ರಂದು ಇಸ್ರೇಲ್ ದೋಹಾ ನಗರದ ಮೇಲೆಯೇ ದಾಳಿ ಮಾಡಿತು.

ಹಾಗಾದರೆ ಎಣಿಸಬೇಕಾದ್ದೇನು? ದಿನಗಳನ್ನು. ನೀರು, ಹಾಲು, ಗೋಧಿ, ಔಷಧಿ, ಹೀಗೆ ಒಂದೊಂದಕ್ಕೂ ಎರಡು ಅಂಕಿ ಬರೆದುಕೊಳ್ಳಿ: ದಾಸ್ತಾನು ಎಷ್ಟು ದಿನಕ್ಕೆ ಸಾಕು, ಬೇರೆ ದಾರಿ ತೆರೆಯಲು ಎಷ್ಟು ದಿನ ಬೇಕು. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿರಬೇಕು. ಅಷ್ಟೇ ಲೆಕ್ಕ. ಇದನ್ನು ಬಿಟ್ಟು ಯುದ್ಧವಿಮಾನ ಎಣಿಸುವವರನ್ನು ಕಂಡರೆ ನಿಜಕ್ಕೂ ತಾಳ್ಮೆ ತಪ್ಪುತ್ತದೆ.

ಹಾಲಿನ ದಾಸ್ತಾನು ಬಹಳ ದಿನ ನಿಲ್ಲದು. ಅದಕ್ಕೇ 2017ರಲ್ಲಿ ಗಡಿ ಮುಚ್ಚಿದಾಗ ಟರ್ಕಿ, ಇರಾನ್‌ಗಳಿಂದ ಆಹಾರ ವಿಮಾನದಲ್ಲಿ ಬಂತು, ಮರುತಿಂಗಳು ಹಸುಗಳೇ ವಿಮಾನ ಹತ್ತಿ ಬಂದವು. ಮರುಭೂಮಿಯಲ್ಲಿ ತಂಪು ಮಾಡಿದ ಕೊಟ್ಟಿಗೆಯ ಹಾಲು ದುಬಾರಿಯೇ. ಆ ಹೆಚ್ಚುವರಿ ಬೆಲೆಯನ್ನು ವಿಮೆಯ ಕಂತೆಂದು ಲೆಕ್ಕಕ್ಕೆ ಹಿಡಿಯಬೇಕು. ನಷ್ಟವೆಂದು ಬರೆದರೆ ಶಾಂತಿಕಾಲದ ಮೊದಲ ಬಜೆಟ್ಟಿನಲ್ಲೇ ಅದಕ್ಕೆ ಕತ್ತರಿ ಬೀಳುತ್ತದೆ.

ನೀರಿನದು ಇನ್ನೂ ಕಠಿಣ. ಕುಡಿಯುವ ನೀರು ಹೆಚ್ಚೂಕಡಿಮೆ ಪೂರ್ತಿ ಸಮುದ್ರದ್ದು, ಉಪ್ಪು ತೆಗೆದದ್ದು. ತೈಲ ಸೋರಿಕೆಯೋ ವಿಕಿರಣವೋ ಆ ಆಳವಿಲ್ಲದ ಕೊಲ್ಲಿಯನ್ನು ಕೆಡಿಸಿದರೆ ನೀರೆಳೆಯುವ ಕೊಳವೆ ಮುಚ್ಚಲೇಬೇಕು. ಮೂರೇ ದಿನದಲ್ಲಿ ನೀರು ಮುಗಿದೀತೆಂದು ಹಿಂದೊಮ್ಮೆ ಅಂದಾಜಾಗಿತ್ತು ಎಂದು ಕತಾರಿನ ಪ್ರಧಾನಿಯೇ ಹೇಳಿದ್ದಾರೆ. ಏಳು ದಿನದ ನೀರಿಗೆಂದು ಬೃಹತ್ ಕಾಂಕ್ರೀಟ್ ಜಲಾಗಾರಗಳನ್ನು ಕಟ್ಟಿ 2018ರ ಡಿಸೆಂಬರ್‌ನಲ್ಲಿ ಉದ್ಘಾಟಿಸಿದರು. ಅವು ಐದು ಕಡೆ ಹಂಚಿಕೊಂಡಿರುವುದು ಮುಖ್ಯ, ಒಂದೇ ಕಡೆಯ ದಾಸ್ತಾನು ಒಂದೇ ಪೆಟ್ಟಿಗೆ ಹೋಗುತ್ತದೆ. ನೀರನ್ನು ತುಂಬಿಸಿ ಮರೆಯುವಂತೆಯೂ ಇಲ್ಲ, ಹಳೆಯದು ಜಾಲಕ್ಕೆ ಹರಿದು ಹೊಸದು ಬರುತ್ತಿರಬೇಕು.

ಎಲ್ಲರೂ ಎಡವುವುದು ಎರಡನೇ ದಾರಿಯಲ್ಲಿ. ಕತಾರಿನ ಕಂಟೇನರುಗಳು ದುಬೈಯ ಜೆಬೆಲ್ ಅಲಿ ಬಂದರಿನಲ್ಲಿ ಹಡಗು ಬದಲಿಸುತ್ತಿದ್ದವು. ಕಾಗದದ ಮೇಲೆ ಅದು ರಸ್ತೆಗೆ ಪರ್ಯಾಯ. ಆದರೆ ಎರಡೂ ಬಾಗಿಲಿನ ಕೀಲಿ ಒಂದೇ ಕೂಟದ ಕೈಯಲ್ಲಿತ್ತು. ಆಗ ಕೈಹಿಡಿದದ್ದು ಒಮಾನಿನ ಸೋಹಾರ್ ಮತ್ತು ಸಲಾಲಾ ಬಂದರುಗಳು, ಜೊತೆಗೆ ಆಗಲೇ ಕೆಲಸ ಶುರುಮಾಡಿದ್ದ ಕತಾರಿನದೇ ಹಮದ್ ಬಂದರು.

ಅಷ್ಟು ಕಹಿಯ ನಡುವೆಯೂ ಡಾಲ್ಫಿನ್ ಕೊಳವೆಯಲ್ಲಿ ಕತಾರಿನ ಅನಿಲ ಯುಎಇಗೆ ಹರಿಯುತ್ತಲೇ ಇತ್ತು. ಜಗಳ ಮುಗಿಸಿದ 2021ರ ಜನವರಿ 5ರ ಅಲ್ ಉಲಾ ಒಪ್ಪಂದದವರೆಗೂ ಕತಾರ್ ಅದನ್ನು ನಿಲ್ಲಿಸಲಿಲ್ಲ. ವಿಶ್ವಾಸಾರ್ಹ ಮಾರಾಟಗಾರನೆಂಬ ಹೆಸರು ಉಳಿಯಿತು. ಅದು ಬಹಳ ಜಾಣ ಸಂಯಮ ಎಂಬುದು ನನ್ನ ಅಭಿಪ್ರಾಯ.

ಆ ದಿನಗಳ ಲೆಕ್ಕ ಇನ್ನೂ ಸೋಲುವುದು ಒಂದು ಕಡೆ. ದ್ರವೀಕೃತ ಅನಿಲದ ಹಡಗುಗಳಿಗೆ ಕೊಲ್ಲಿಯ ಬಾಯಿಯಾದ ಹೋರ್ಮುಜ್ ಜಲಸಂಧಿ ಬಿಟ್ಟು ಬೇರೆ ಹೊರದಾರಿಯಿಲ್ಲ. ಅದು ಮುಚ್ಚಿದರೆ ಖಜಾನೆಯ ಹಣ ಎಷ್ಟು ದಿನಕ್ಕೆ ಸಾಕೆಂದು ಎಣಿಸಬೇಕು.