ಮೊದಲು ನಿದ್ದೆ, ಆಮೇಲೆ ಹೊಸ ಬದುಕು

ಕೆಲಸ ಕಳೆದುಕೊಂಡವರು, ದಾಂಪತ್ಯ ಮುರಿದವರು, ದೊಡ್ಡ ಕಾಯಿಲೆಯ ವರದಿ ಕೈಗೆ ಬಂದವರು ಆಪ್ತಸಮಾಲೋಚನೆಗೆ ಬರುವಾಗ ಈಚೆಗೆ ಒಂದು ಪಟ್ಟಿಯನ್ನೂ ತರುತ್ತಾರೆ. ಬೆಳಿಗ್ಗೆ 5ಕ್ಕೆ ಏಳುವುದು, ವ್ಯಾಯಾಮ, ಧ್ಯಾನ, ಸಿಗರೇಟು ಬಿಡುವುದು, ಹೊಸ ಭಾಷೆ ಕಲಿಯುವುದು. ಬಿಕ್ಕಟ್ಟೇ ಬದಲಾಗಲು ಅವಕಾಶ ಎಂದು ಯಾರೋ ಕಿವಿಗೆ ಹಾಕಿರುತ್ತಾರೆ. ನಾನು ಪಟ್ಟಿಯನ್ನು ಪಕ್ಕಕ್ಕಿಟ್ಟು, ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಂದು ಕೇಳುತ್ತೇನೆ. ಹೆಚ್ಚಿನವರು ತಡವರಿಸುತ್ತಾರೆ.

ಬಿಕ್ಕಟ್ಟೇ ಅವಕಾಶ ಎಂಬ ಮಾತು ಸುಳ್ಳಲ್ಲ. ಆದರೆ ಅವಕಾಶ ಇರುವುದು ಎಲ್ಲಿ ಎಂಬುದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಸಾಲುತ್ತಿಲ್ಲ. ಬಿಕ್ಕಟ್ಟು ಮೈಮನಸ್ಸಿನ ಶಕ್ತಿಯನ್ನು ಹಿಂಡುತ್ತದೆ, ಅದಕ್ಕೇ ನಾನು ಮೊದಲು ನಿದ್ದೆಯ ಬಗ್ಗೆ ಕೇಳುವುದು. ಅದೇ ಹೊತ್ತಿಗೆ, ಯೋಚಿಸದೆ ನಡೆಸಿಕೊಂಡು ಬಂದ ದಿನಚರಿಯನ್ನು ಮುರಿಯುತ್ತದೆ. ಅವಕಾಶ ಇರುವುದು ಆ ಮುರಿದ ಜಾಗದಲ್ಲಿ. 2014ರ ಫೆಬ್ರುವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಎರಡು ದಿನ ಮುಷ್ಕರ ಹೂಡಿದಾಗ ಹಲವು ನಿಲ್ದಾಣಗಳು ಮುಚ್ಚಿ, ಜನ ಬೇರೆ ದಾರಿ ಹುಡುಕಿಕೊಂಡರು. ಮುಷ್ಕರ ಮುಗಿದ ಮೇಲೂ ಸುಮಾರು ಶೇ 5ರಷ್ಟು ಮಂದಿ ಹೊಸ ದಾರಿಯಲ್ಲೇ ಉಳಿದರೆಂದು ಸಂಶೋಧಕರು ಕಂಡುಕೊಂಡರು. ಆ ದಾರಿ ಮೊದಲೂ ಇತ್ತು, ಹುಡುಕುವ ಪ್ರಮೇಯ ಬಂದಿರಲಿಲ್ಲ ಅಷ್ಟೆ. ಉಳಿದವರೆಲ್ಲ ಹಳೆಯ ದಾರಿಗೇ ಮರಳಿದರು ಎಂಬುದನ್ನೂ ಗಮನಿಸಿ. ಹಾಗಾಗಿ ಯಾವ ರೂಢಿ ತಾನಾಗಿ ಸಡಿಲಗೊಂಡಿದೆ ಎಂದು ನೋಡಿ, ಅಲ್ಲಿ ಒಂದೇ ಒಂದು ಹೊಸ ರೂಢಿಯನ್ನು ಹಿಡಿದುಕೊಳ್ಳಿ.

ಕೆಲಸ ಹೋದ ಒಬ್ಬರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಪಟ್ಟಿಯಲ್ಲಿ ಬರೆದದ್ದು ಒಂದೂ ಆಗಲಿಲ್ಲವೆಂದು ಕುಗ್ಗಿದ್ದರು. ಮಾತಿನ ನಡುವೆ, ಮಗ ಈಗ ಊಟಕ್ಕೆ ಕುಳಿತಾಗ ಲೆಕ್ಕದ ಪುಸ್ತಕ ತಂದು ಪಕ್ಕದಲ್ಲಿಡುತ್ತಾನೆ ಎಂದರು. ಮೊದಲು ಅವರು ಮನೆ ಸೇರುವಾಗ ಹುಡುಗ ಮಲಗಿರುತ್ತಿದ್ದ. ಇದು ಪಟ್ಟಿಯಲ್ಲೇ ಇರಲಿಲ್ಲ! ಅದೊಂದನ್ನು ಬಿಡಬೇಡಿ ಎಂದೆ. ಮುಂದೆ ಕೆಲಸದ ಸಂದರ್ಶನಕ್ಕೆ ಹೋದಾಗ ಅವರು ಸಂಬಳಕ್ಕಿಂತ ಮೊದಲು ಸಂಜೆ ಎಷ್ಟು ಗಂಟೆಗೆ ಹೊರಡಬಹುದು ಎಂದು ವಿಚಾರಿಸಿದರಂತೆ. ನನಗೆ ತುಂಬಾ ಸಂತೋಷವಾಯಿತು.

ದೊಡ್ಡ ನಿರ್ಧಾರಗಳ ವಿಷಯ ಬೇರೆ. ತೀವ್ರ ಬಿಕ್ಕಟ್ಟಿನ ಕಲಕಾಟ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಒಂದು ಹದಕ್ಕೆ ಬರುತ್ತದೆ ಎಂದು ಮನೋವೈದ್ಯ ಜೆರಾಲ್ಡ್ ಕ್ಯಾಪ್ಲನ್ 1960ರ ದಶಕದಲ್ಲೇ ಹೇಳಿದ್ದರು. ಎಲ್ಲರಿಗೂ ಅದೇ ಅಳತೆ ಹೊಂದುವುದಿಲ್ಲ. ಆದರೂ ಮನೆ ಮಾರುವುದು, ಸಂಬಂಧ ಕಡಿದುಕೊಳ್ಳುವುದು ಮುಂತಾದವನ್ನು ಮುಂದೂಡಲು ಸಾಧ್ಯವಿದ್ದರೆ ಮುಂದೂಡಿ. ಹೊಡೆತ ಬಡಿತದ ಮನೆಯಿಂದ ಹೊರಬರಬೇಕಾದವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಕಾಯಬಾರದು.

ಬಂಧುಮಿತ್ರರಲ್ಲಿ ಒಂದು ವಿನಂತಿ: ಆಪ್ತರನ್ನು ಕಳೆದುಕೊಂಡವರ ಮುಂದೆ ಅವಕಾಶದ ಮಾತು ಎತ್ತಬೇಡಿ. ಅವರು ಉಂಡರೇ, ಮಲಗಿದರೇ ಎಂದು ವಿಚಾರಿಸಿ. ವಾರಗಟ್ಟಲೆ ನಿದ್ದೆ ಹತ್ತದಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ಬದುಕೇ ಬೇಡವೆಂಬ ಮಾತು ಬಂದರಂತೂ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಕರೆದೊಯ್ಯಿರಿ.