ಬರವಣಿಗೆ ಅಭ್ಯಾಸವಾಗುವುದಿಲ್ಲ, ಕೂರುವುದು ಆಗುತ್ತದೆ

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಪದ ಎರಡು ಕೆಲಸ ಮಾಡುತ್ತದೆ. ಸಂಗೀತಗಾರ ನಸುಕಿನಲ್ಲಿ ಎದ್ದು ಮಾಡುವುದೂ ಅಭ್ಯಾಸ, ಯೋಚನೆಗೆ ಬಿದ್ದವರು ಉಗುರು ಕಚ್ಚುವುದೂ ಅಭ್ಯಾಸ. ಮಿದುಳಿನ ಲೆಕ್ಕದಲ್ಲಿ ಇವೆರಡೂ ತದ್ವಿರುದ್ಧ. ಮೊದಲನೆಯದಕ್ಕೆ ಪೂರ್ತಿ ಗಮನ ಬೇಕು. ಎರಡನೆಯದು ಗಮನ ಬೇರೆಲ್ಲೋ ಇದ್ದಾಗಲೇ ನಡೆಯುವಂಥದ್ದು. ‘ಬರೆಯುವ ಅಭ್ಯಾಸ ಬೆಳೆಸಿಕೊಳ್ಳಿ’ ಎಂದು ಬುದ್ಧಿ ಹೇಳುವವರು ಇವೆರಡರಲ್ಲಿ ಯಾವುದು ಎಂದು ಹೇಳುವುದೇ ಇಲ್ಲ.

ಎರಡನೆಯ ಅರ್ಥದಲ್ಲಿ ಬರವಣಿಗೆ ಎಂದೂ ಅಭ್ಯಾಸವಾಗದು. ಇಪ್ಪತ್ತು ವರ್ಷ ಬರೆದವರಿಗೂ ಮುಂದಿನ ವಾಕ್ಯ ಉಗುರು ಕಚ್ಚಿದಷ್ಟು ಸಲೀಸಾಗಿ ಬರುವುದಿಲ್ಲ. ಅಭ್ಯಾಸವಾಗಬಲ್ಲದ್ದು ಬೇರೆಯೇ ಒಂದಿದೆ: ಕುರ್ಚಿ ಎಳೆದುಕೊಂಡು, ಹಾಳೆ ತೆರೆದು, ಮೊದಲ ಪದ ಮೂಡಿಸುವವರೆಗಿನ ಆ ಎರಡು ನಿಮಿಷ. ಹೆಚ್ಚಿನವರು ಸೋಲುವುದು ಆ ಎರಡು ನಿಮಿಷದಲ್ಲೇ.

ಇದರ ಹಿಂದಿನ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡೋಣ. ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಗಂಟುಗಳ ಗುಂಪಿದೆ. ಅದರ ಒಂದು ಭಾಗ ಸ್ಟ್ರಯೇಟಮ್. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯಲ್ಲಿ ಆನ್ ಗ್ರೇಬಿಯಲ್ ಅವರ ತಂಡ ಇಲಿಗಳ ಸ್ಟ್ರಯೇಟಮ್‌ನೊಳಕ್ಕೆ ಕೂದಲೆಳೆಯಂಥ ತಂತಿಗಳನ್ನು ಇಳಿಸಿ, ‘ಟಿ’ ಆಕಾರದ ಓಣಿಯಲ್ಲಿ ಅವುಗಳನ್ನು ಓಡಿಸಿತು. ಒಂದು ಸದ್ದು ಕೇಳಿದರೆ ಎಡಕ್ಕೆ ತಿರುಗಬೇಕು, ಇನ್ನೊಂದಕ್ಕೆ ಬಲಕ್ಕೆ. ಸರಿಯಾಗಿ ತಿರುಗಿದರೆ ಕೊನೆಯಲ್ಲಿ ಚಾಕೊಲೇಟು. 1999ರಲ್ಲಿ ಪ್ರಕಟವಾದ ಫಲಿತಾಂಶ ಸೊಗಸಾಗಿದೆ. ಮೊದಮೊದಲು ನರಕೋಶಗಳು ಓಟದುದ್ದಕ್ಕೂ, ಅದರಲ್ಲೂ ತಿರುವಿನ ಹತ್ತಿರ, ಚಟಪಟಗುಟ್ಟುತ್ತಿದ್ದವು. ಓಟ ಪಳಗಿದ ಮೇಲೆ ನಡುವಿನ ಗದ್ದಲ ಅಡಗಿತು. ಹೊರಡುವಾಗ ಒಮ್ಮೆ ಜೋರು, ಗುರಿ ಮುಟ್ಟಿದಾಗ ಇನ್ನೊಮ್ಮೆ ಜೋರು, ಅಷ್ಟೇ.

ಅಂದರೆ ಇಡೀ ಓಟವನ್ನು ಮಿದುಳು ಒಂದು ಗಂಟಾಗಿ ಕಟ್ಟಿ, ಎರಡೂ ತುದಿಗೆ ಮಾತ್ರ ಗುರುತು ಹಾಕಿತು. ರೈಲಿನ ಗಾರ್ಡು ದಾರಿಯುದ್ದಕ್ಕೂ ಹಸಿರು ಬಾವುಟ ಬೀಸುತ್ತ ಕೂರುವುದಿಲ್ಲವಲ್ಲ, ಹೊರಡುವಾಗ ಒಮ್ಮೆ ತೋರಿಸಿದರೆ ಸಾಕು, ಹಾಗೆ. ಅಥವಾ ಇನ್ನೂ ಸರಿಯಾದ ಹೋಲಿಕೆ ಬೇಕೆಂದರೆ ಎತ್ತಿನ ಗಾಡಿ: ಸಂತೆಯಿಂದ ಹೊರಟ ಮೇಲೆ ಯಜಮಾನ ನಿದ್ದೆಹೋದರೂ ಎತ್ತುಗಳು ಮನೆ ಮುಟ್ಟಿಸುತ್ತವೆ. ಹಾಗೆಂದು ಅವು ಕಾಣದ ಊರಿಗೆ ಕರೆದೊಯ್ಯಲಾರವು. ಬರವಣಿಗೆ ದಿನವೂ ಕಾಣದ ಊರು. ಎತ್ತುಗಳ ಕೆಲಸ ಮೇಜಿನವರೆಗೆ. ಅಲ್ಲಿಂದ ಮುಂದೆ ನೀವೇ ಎಚ್ಚರವಾಗಿ ಹಗ್ಗ ಹಿಡಿಯಬೇಕು.

ಎತ್ತುಗಳನ್ನು ಪಳಗಿಸಲು ಎಷ್ಟು ದಿನ ಬೇಕು? ‘21 ದಿನ’ ಎಂಬ ಉತ್ತರ ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಸಿದ್ಧವಾಗಿ ಕಾದಿರುತ್ತದೆ. ಈ ಸಂಖ್ಯೆಯ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್. ಮುಖದ ಶಸ್ತ್ರಚಿಕಿತ್ಸೆ ಆದವರು ಕನ್ನಡಿಯಲ್ಲಿ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ 21 ದಿನ ಹಿಡಿಯುತ್ತದೆ ಎಂದು ಅವರು 1960ರ ತಮ್ಮ ಪುಸ್ತಕದಲ್ಲಿ ಬರೆದರು. ‘ಕಡಿಮೆಯೆಂದರೂ’ ಎಂಬುದು ದಾರಿಯಲ್ಲೆಲ್ಲೋ ಉದುರಿಹೋಯಿತು, ಮುಖದ ಮಾತು ಅಭ್ಯಾಸದ ಮಾತಾಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಸ್ವಯಂಸೇವಕರು, 84 ದಿನ, ತಲಾ ಒಂದು ಸಣ್ಣ ಕೆಲಸ, ದಿನವೂ ಅದೇ ಸಂದರ್ಭದಲ್ಲಿ. ಕೆಲಸ ದಿನದಿನಕ್ಕೆ ಎಷ್ಟು ತಾನಾಗಿ ನಡೆಯತೊಡಗಿತು ಎಂಬುದರ ರೇಖೆ ಚೆನ್ನಾಗಿ ಮೂಡಿದ 39 ಜನರನ್ನು ತೆಗೆದುಕೊಂಡರೆ, ಸಾಲಿನ ನಟ್ಟನಡುವೆ ನಿಲ್ಲುವವರಿಗೆ ಹಿಡಿದದ್ದು 66 ದಿನ. ಆದರೆ ವ್ಯಾಪ್ತಿ 18ರಿಂದ 254 ದಿನ. (ಪ್ರಯೋಗ ನಡೆದದ್ದೇ 84 ದಿನ. 254 ಎಂಬುದು ರೇಖೆಯನ್ನು ಮುಂದಕ್ಕೆಳೆದು ಮಾಡಿದ ಅಂದಾಜು. ‘66’ ಎಂಬುದನ್ನೂ ಹೊಸ ಮಂತ್ರ ಮಾಡಿಕೊಳ್ಳುವ ಮೊದಲು ಇದು ನೆನಪಿರಲಿ.) ಅದೂ ಊಟದ ಜೊತೆ ನೀರು ಕುಡಿಯುವಂಥ ಕೆಲಸಗಳಿಗೆ. ಇದೇ ಅಧ್ಯಯನದ ಇನ್ನೊಂದು ಫಲಿತಾಂಶ ನಮಗೆ ಹೆಚ್ಚು ಬೇಕಾದದ್ದು: ನಡುವೆ ಒಂದು ದಿನ ತಪ್ಪಿದರೆ ರೇಖೆಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

‘ಅದೇ ಸಂದರ್ಭದಲ್ಲಿ’ ಎಂಬ ಷರತ್ತೇ ಇಲ್ಲಿಯ ಕೀಲಿ. ‘ದಿನಾ ಬರೆಯುತ್ತೇನೆ’ ಎಂಬ ಸಂಕಲ್ಪಕ್ಕೆ ಕೊಂಡಿ ಇಲ್ಲ. ‘ಬೆಳಿಗ್ಗೆ ಹಲ್ಲುಜ್ಜಿ ಮುಖ ಒರೆಸಿಕೊಂಡ ಕೂಡಲೇ, ಕಿಟಕಿ ಪಕ್ಕದ ಮೇಜಿಗೆ ಕೂತು, ನಿನ್ನೆಯ ಹಾಳೆ ತೆರೆಯುತ್ತೇನೆ’ ಎಂಬುದಕ್ಕೆ ಇದೆ. ‘ಇದು ಆದ ಕೂಡಲೇ ಅದು’ ಎಂಬ ಇಂಥ ಯೋಜನೆಗಳು ಬರಿಯ ಸಂಕಲ್ಪಕ್ಕಿಂತ ಹೆಚ್ಚು ಈಡೇರುತ್ತವೆ ಎಂದು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದಾರೆ. ಗಡಿಯಾರಕ್ಕೆ ಕಟ್ಟುವುದಕ್ಕಿಂತ ಈಗಾಗಲೇ ತಪ್ಪದೆ ನಡೆಯುತ್ತಿರುವ ಕೆಲಸಕ್ಕೆ ಕಟ್ಟುವುದು ಮೇಲು. ‘ಆರು ಗಂಟೆ’ಯನ್ನು ನೀವು ಗಮನಿಸುತ್ತಿರಬೇಕು; ಟವಲು ತಾನಾಗಿ ಕೈಗೆ ಬರುತ್ತದೆ. ಅಲಾರಂ ಇಟ್ಟುಕೊಂಡವರಿಗೆ ಕೊನೆಗೆ ಅಭ್ಯಾಸವಾಗುವುದು ಅಲಾರಂ ಆರಿಸುವುದು.

ಇಷ್ಟು ಹೇಳಿದ ಮೇಲೂ ಒಂದು ಮೂಢನಂಬಿಕೆ ಉಳಿದೇ ಇರುತ್ತದೆ: ‘ಮೂಡ್ ಬರಬೇಕು, ಬಲವಂತದಿಂದ ಬರೆದದ್ದರಲ್ಲಿ ಜೀವ ಇರುವುದಿಲ್ಲ.’ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1983ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಬರೆಯಲಾಗದೆ ಒದ್ದಾಡುತ್ತಿದ್ದ 27 ಅಧ್ಯಾಪಕರ ಮೂರು ಗುಂಪು. ಒಂದು ಗುಂಪು ತೀರಾ ಅಗತ್ಯವಿದ್ದರಷ್ಟೇ ಬರೆಯಬೇಕು. ಎರಡನೆಯದು ಮನಸ್ಸು ಬಂದಾಗ. ಮೂರನೆಯದು ನಿಗದಿತ ಹೊತ್ತಿಗೆ ಬರೆಯಲೇಬೇಕು, ತಪ್ಪಿದರೆ ತಮಗೆ ಆಗದ ಸಂಘಟನೆಗೆ ದುಡ್ಡು ಹೋಗುತ್ತದೆ. ದಿನಕ್ಕೆ ಸರಾಸರಿ ಪುಟ ಅನುಕ್ರಮವಾಗಿ 0.2, 0.9, 3.2. ಪುಟ ಹೆಚ್ಚಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಹೊಸ ಹೊಳಹುಗಳ ಎಣಿಕೆ ನೋಡಿ: ಮೊದಲ ಗುಂಪಿಗೆ ಐದು ದಿನಕ್ಕೊಂದು, ಎರಡನೆಯದಕ್ಕೆ ಎರಡು ದಿನಕ್ಕೊಂದು, ಬಲವಂತದ ಗುಂಪಿಗೆ ದಿನಕ್ಕೊಂದು. 27 ಜನ ಎಂಬುದು ಸಣ್ಣ ಸಂಖ್ಯೆ, ಒಪ್ಪತಕ್ಕದ್ದೇ. ಆದರೂ ಸ್ಫೂರ್ತಿ ಬರವಣಿಗೆಯ ಮುಂದೆ ನಡೆಯುವುದಕ್ಕಿಂತ ಅದರ ಬೆನ್ನಿಗೆ ಬರುವುದೇ ಹೆಚ್ಚು ಎಂಬ ಅನುಮಾನಕ್ಕೆ ಇದು ಬಲ ಕೊಡುತ್ತದೆ.

ಬ್ರಿಟನ್ನಿನ ಕಾದಂಬರಿಕಾರ ಆಂಟನಿ ಟ್ರಾಲಪ್‌ಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆತ ಅಂಚೆ ಇಲಾಖೆಯ ಅಧಿಕಾರಿ. 1852ರಲ್ಲಿ ಜರ್ಸಿ ದ್ವೀಪದಲ್ಲಿ ರಸ್ತೆಬದಿಯ ಅಂಚೆಪೆಟ್ಟಿಗೆ ನಿಲ್ಲಿಸಿದ್ದು ಆತನ ಸಲಹೆಯಂತೆ. ಕಚೇರಿಗೆ ಮುಂಚೆ, ಬೆಳಿಗ್ಗೆ 5.30ಕ್ಕೆ ಮೇಜಿಗೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಎಬ್ಬಿಸುವ ಕೆಲಸದವನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿನ ಸಂಬಳ. ಹೀಗೆ 47 ಕಾದಂಬರಿ. ಸತ್ತ ಮೇಲೆ, 1883ರಲ್ಲಿ ಆತ್ಮಕಥೆ ಹೊರಬಂದು ಈ ಲೆಕ್ಕಾಚಾರ ಬಯಲಾದಾಗ ಹಲವು ವಿಮರ್ಶಕರು ಮೂಗು ಮುರಿದರು. ಕಲೆ ಗಡಿಯಾರ ನೋಡಿ ಬರುತ್ತದೆ ಎಂಬುದು ಅವರಿಗೆ ರುಚಿಸಲಿಲ್ಲ.

ಇನ್ನು ಕೂತ ಮೇಲಿನ ಕಥೆ. ಬರೆಯುವುದು ಮಿದುಳಿಗೆ ಎಷ್ಟು ಭಾರ ಎಂದು ಅಳೆಯಲು ರೊನಾಲ್ಡ್ ಕೆಲಾಗ್ ಎಂಬ ಸಂಶೋಧಕರು ಸುಲಭದ ಉಪಾಯ ಮಾಡಿದರು: ಬರೆಯುತ್ತಿರುವವರಿಗೆ ಆಗಾಗ ಒಂದು ‘ಬೀಪ್’ ಕೇಳಿಸುವುದು, ಎಷ್ಟು ತಡವಾಗಿ ಓಗೊಡುತ್ತಾರೆ ಎಂದು ನೋಡುವುದು. ಹೆಚ್ಚು ತಡವಾದರೆ ತಲೆ ಹೆಚ್ಚು ತುಂಬಿದೆ ಎಂದರ್ಥ. ಆ ಅಳತೆಯಲ್ಲಿ ಬರವಣಿಗೆ ಪಳಗಿದ ಚೆಸ್ ಆಟಗಾರರು ನಡೆ ಯೋಚಿಸುವುದಕ್ಕೆ ಸರಿಸಾಟಿ. ನಮ್ಮ ತತ್ಕಾಲದ ನೆನಪಿನಲ್ಲಿ ಒಮ್ಮೆಗೆ ನಿಲ್ಲುವುದು ಸುಮಾರು ನಾಲ್ಕೇ ಸಂಗತಿ. ಏನು ಹೇಳಬೇಕು, ಯಾವ ಕ್ರಮದಲ್ಲಿ, ಯಾವ ಪದದಲ್ಲಿ, ಬರೆದದ್ದು ಸರಿಯಿದೆಯೇ: ಈ ನಾಲ್ಕನ್ನೂ ಒಟ್ಟಿಗೆ ಎತ್ತಲು ಹೋದರೆ ಕೈ ಸೋಲುತ್ತದೆ. ಆದ್ದರಿಂದ ಇವನ್ನು ಬೇರೆ ಬೇರೆ ದಿನಕ್ಕೆ ಹಂಚಬೇಕು.

1,500 ಪದದ ಒಂದು ಲೇಖನಕ್ಕೆ ದಿನಕ್ಕೆ 25 ನಿಮಿಷದಂತೆ ಎಂಟು ಹತ್ತು ಕೂರಿಕೆ ಇಟ್ಟುಕೊಳ್ಳಿ. ಮೊದಲ ದಿನ ತೋಚಿದ್ದೆಲ್ಲ ಚೂರುಚೂರಾಗಿ. ಎರಡನೆಯ ದಿನ ಅದರಿಂದ ಏಳೆಂಟು ಸಾಲಿನ ಹಂದರ. ಪ್ರತಿ ಸಾಲೂ ಕ್ರಿಯಾಪದ ಇರುವ ಪೂರ್ತಿ ವಾಕ್ಯವಾಗಿರಲಿ. ‘ನೆನಪಿನ ಮಿತಿ’ ಎಂದು ಬರೆದರೆ ಶೀರ್ಷಿಕೆಯಾಯಿತೇ ಹೊರತು ಹೇಳಿಕೆಯಾಗಲಿಲ್ಲ. ‘ನೆನಪಿಗೆ ಮಿತಿ ಇರುವುದರಿಂದ ಕೆಲಸ ಹಂಚಬೇಕು’ ಎಂದರೆ ನಾಳೆ ಏನು ಬರೆಯಬೇಕೆಂಬುದು ಅದರಲ್ಲೇ ಇದೆ. ಮೂರನೆಯ ದಿನದಿಂದ ಕರಡು, ದಿನಕ್ಕೆ 300 ಪದ, ಹಿಂದಕ್ಕೆ ಹೋಗಿ ಅಳಿಸದೆ. ಇಸವಿಯೋ ಹೆಸರೋ ನೆನಪಾಗದಿದ್ದರೆ ಹುಡುಕಲು ಏಳಬೇಡಿ. ಅಲ್ಲಿ ‘ಞಞ’ ಎಂದು ಹಾಕಿ ಮುಂದೆ ಹೋಗಿ. ಕನ್ನಡದ ಯಾವ ಪದದಲ್ಲೂ ಈ ಜೋಡಿ ಬಾರದು. ಕೊನೆಯಲ್ಲಿ ‘ಞಞ’ ಹುಡುಕಿದರೆ ಬಾಕಿ ಎಲ್ಲವೂ ಒಂದೇ ಸಲ ಸಿಗುತ್ತದೆ. ಅಂತೂ ‘ಞ’ಗೊಂದು ಉದ್ಯೋಗ ಸಿಕ್ಕಿತು.

ಕರಡು ಮುಗಿದ ಮೇಲೆ ಕನಿಷ್ಠ ಒಂದು ರಾತ್ರಿ ಬಿಡಿ. ಆಗಷ್ಟೇ ಬರೆದುದನ್ನು ಓದುವಾಗ ಕಣ್ಣು ಪುಟವನ್ನು ಓದುವುದಿಲ್ಲ, ನೆನಪನ್ನು ಓದುತ್ತದೆ. ಬಿಟ್ಟುಹೋದ ಪದವೂ ಇದ್ದಂತೆಯೇ ಕಾಣುತ್ತದೆ. ತಿದ್ದುವುದು ಮೂರು ಸುತ್ತು. ಮೊದಲು ಕ್ರಮ: ಪ್ರತಿ ಪ್ಯಾರಾದ ಪಕ್ಕ ಅದು ಹೇಳುವುದನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಬರೆಯಲಾಗದಿದ್ದರೆ ಅದರಲ್ಲಿ ಎರಡು ಪ್ಯಾರಾ ಇವೆ ಅಥವಾ ಒಂದೂ ಇಲ್ಲ. ನಂತರ ವಾಕ್ಯ, ಕೊನೆಗೆ ಕಾಗುಣಿತ. ಈ ಸರದಿ ತಿರುಗಿಸಿದವರು, ನಾಳೆ ಕಿತ್ತುಹಾಕುವ ಪ್ಯಾರಾದ ಒತ್ತಕ್ಷರ ಇಂದು ಸರಿಪಡಿಸುತ್ತ ಕೂರುತ್ತಾರೆ.

ವಾಕ್ಯದ ಸುತ್ತನ್ನು ಗಟ್ಟಿಯಾಗಿ ಓದಿಯೇ ಮಾಡಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಹೋಗಿ’, ‘ನೋಡಿ’, ‘ಮಾಡುತ್ತ’ ಎಂದು ಕೊಂಡಿ ಬೆಳೆಸುತ್ತ ಹೋದರೆ ಓದುಗರು ಎಲ್ಲವನ್ನೂ ಆ ನಾಲ್ಕು ಖಾನೆಯ ನೆನಪಿನಲ್ಲಿ ಹೊತ್ತುಕೊಂಡು ಕ್ರಿಯಾಪದಕ್ಕಾಗಿ ಕಾಯಬೇಕಾಗುತ್ತದೆ. ಓದುವಾಗ ನಿಮ್ಮ ಉಸಿರು ತುಂಡಾದ ಕಡೆ ಅವರ ಗಮನವೂ ತುಂಡಾಗಿರುತ್ತದೆ.

ಕೆಡುವುದು ಹೇಗೆ? ಮೊದಲ ತಪ್ಪು, ಚೆನ್ನಾಗಿ ಓಡಿದ ದಿನ ಗುರಿ ಏರಿಸುವುದು. 900 ಪದ ಬರೆದ ಮರುದಿನವೂ ಗುರಿ 300ರಲ್ಲೇ ಇರಲಿ. ವಾರಕ್ಕೆ ಐದು ದಿನ, ವರ್ಷಕ್ಕೆ 50 ವಾರ ಎಂದರೆ 75,000 ಪದ, ಒಂದು ಪುಸ್ತಕ. ಎರಡನೆಯದು, ಮೊದಲ ಪುಟದಿಂದ ಓದಿಕೊಂಡು ಬರುವುದು. ಟ್ರಾಲಪ್ ಹಿಂದಿನ ದಿನದ್ದನ್ನು ಅರ್ಧ ಗಂಟೆ ಓದುತ್ತಿದ್ದ, ನಿಜ, ಆದರೆ ಆತನಿಗೆ ಮೂರು ಗಂಟೆ ಇತ್ತು. 25 ನಿಮಿಷದವರಿಗೆ ಕೊನೆಯ ಪ್ಯಾರಾ ಸಾಕು. ಮೂರನೆಯದು, ಒಂದು ದಿನ ತಪ್ಪಿದ ಕೂಡಲೇ ‘ಹೇಗೂ ಕೆಟ್ಟಿತು’ ಎಂದು ವಾರ ಪೂರ್ತಿ ಬಿಡುವುದು. ಸರಪಳಿ ಮುರಿಯಬಾರದೆಂದು ಕ್ಯಾಲೆಂಡರಿನಲ್ಲಿ ಗೀಟು ಎಳೆಯುವವರಿಗೆ ಈ ರೋಗ ಬೇಗ ತಗಲುತ್ತದೆ. ಗೀಟಿನ ಬದಲು ದಿನಾಂಕ, ಕೂತ ಹೊತ್ತು, ಎದ್ದ ಹೊತ್ತು, ಪದಗಳ ಸಂಖ್ಯೆ ಬರೆದಿಡಿ. ಎರಡು ವಾರದಲ್ಲಿ ಯಾವ ಹೊತ್ತು ನಿಮಗೆ ಒಗ್ಗುತ್ತದೆ ಎಂಬುದೂ ಅದರಲ್ಲೇ ಕಾಣುತ್ತದೆ.

ಮನೆ ಬದಲಾದರೆ, ಪ್ರಯಾಣ ಬಂದರೆ, ಕಾಯಿಲೆ ಬಿದ್ದರೆ ಹಳೆಯ ಕೊಂಡಿ ಕಳಚುತ್ತದೆ. ಟವಲು ಇದೆ, ಕಿಟಕಿಯ ಮೇಜಿಲ್ಲ. ಇದನ್ನು ಸೋಮಾರಿತನ ಎಂದುಕೊಳ್ಳುವ ಅಗತ್ಯವಿಲ್ಲ. ಎತ್ತುಗಳಿಗೆ ಊರಿನ ದಾರಿ ಗುರುತು ಸಿಗುತ್ತಿಲ್ಲ, ಅಷ್ಟೇ. ಹೊಸ ಜಾಗದಲ್ಲಿ ಮೊದಲ ಮೂರು ದಿನ ಹತ್ತೇ ನಿಮಿಷ ಕೂತು, ಬರೆದದ್ದು ಒಂದೇ ವಾಕ್ಯವಾದರೂ ಎದ್ದುಬಿಡಿ. ಏಳುವ ಮೊದಲು ಮುಂದಿನ ವಾಕ್ಯವನ್ನು ಅರ್ಧ ಬರೆದು ಬಿಟ್ಟಿರಿ. ಮರುದಿನ ಖಾಲಿ ಹಾಳೆಯ ಬದಲು ಅರ್ಧ ವಾಕ್ಯ ಎದುರಾದರೆ, ಮೊದಲ ಪದ ಯಾವುದೆಂಬ ಪ್ರಶ್ನೆಗೆ ಉತ್ತರ ಆಗಲೇ ಮೇಜಿನ ಮೇಲಿರುತ್ತದೆ.